ಇಪ್ಪತ್ತೊಂದನೆಯವಳು

"ಹದಿನೇಳು! ಹದಿನೆಂಟು! ಹತ್ತೊಂಬತ್ತು!"

ಹಗ್ಗ ನೆಲಕ್ಕೆ ಬಡಿದಾಗಲೆಲ್ಲ ಶಾಲೆಯ ಅಂಗಳದಲ್ಲಿ ಧೂಳೇಳುತ್ತಿತ್ತು, ಒಂದು ಮಗು ಹಾರಿ ಆಚೆಗೆ ಓಡುತ್ತಿತ್ತು. ಹಗ್ಗದ ಒಂದು ತುದಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕೈಯಲ್ಲಿ. ಇನ್ನೊಂದು ತುದಿ ಒಬ್ಬ ತಾಯಿಯ ಕೈಯಲ್ಲಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ, ಮನೆ ಮುಖ ನೋಡದೆ ನೇರ ಇಲ್ಲಿಗೆ ಬಂದವಳು ಅವಳು. ಮೂರನೇ ತರಗತಿಯ ಮೂವತ್ತು ಮಕ್ಕಳೂ ಹಾಜರಿ ಪಟ್ಟಿಯ ಕ್ರಮದಲ್ಲೇ, ಒಂದು ಸುತ್ತೂ ಖಾಲಿ ಹೋಗದಂತೆ ಹಗ್ಗ ದಾಟಬೇಕು. ಒಬ್ಬರು ತಪ್ಪಿದರೂ ಲೆಕ್ಕ ಮತ್ತೆ ಒಂದರಿಂದ. ಮಾತೆ ಮರಿಯಮ್ಮನ ಪ್ರತಿಮೆಯ ಪಕ್ಕದ ಹಲಗೆಯ ಮೇಲೆ ಸಿಸ್ಟರ್ ದುಂಡಗೆ ಬರೆದಿದ್ದರು: 'ಬಿದ್ದವರನ್ನು ಬಿಟ್ಟು ಓಡಬೇಡಿ.' ಉಳಿದ ತರಗತಿಗಳೆಲ್ಲ ದಾಟಿಯಾಗಿತ್ತು. ಇವರಿಗೆ ಇವತ್ತೇ ಕೊನೆ. ಹನ್ನೆರಡಕ್ಕೆ ಪ್ರಾರ್ಥನೆಯ ಗಂಟೆ ಹೊಡೆದರೆ ಆಟ ಮುಗಿಯಿತು.

ಇಪ್ಪತ್ತನೆಯವನು ಹಾರಿದ. ಇಪ್ಪತ್ತೊಂದನೆಯವಳು ಆ ತಾಯಿಯ ಮಗಳು.

ಎರಡು ವಾರದಿಂದ ತರಗತಿ ಎಡವುತ್ತಿದ್ದದ್ದು ಈ ಇಪ್ಪತ್ತೊಂದರಲ್ಲೇ. ಹಗ್ಗದ ಮುಂದೆ ಬಂದರೆ ಸಾಕು, ಹುಡುಗಿಯ ಕಾಲು ನೆಲಕ್ಕೆ ನೆಟ್ಟಂತಾಗುತ್ತಿತ್ತು. ಮಕ್ಕಳು 'ಗೂಟ' ಅಂತ ಹೆಸರಿಟ್ಟಿದ್ದರು. ಎರಡು ವಾರದಿಂದ ಬೆಳಗಾದರೆ ಅವಳಿಗೆ ಹೊಟ್ಟೆನೋವು. "ನಾಳೆನೂ ಹಾರಕ್ಕಾಗ್ಲಿಲ್ಲ ಅಂದ್ರೆ ನಾನು ಇನ್ಮೇಲೆ ಸ್ಕೂಲಿಗೇ ಹೋಗಲ್ಲ" ಅಂದಿದ್ದಳು ನಿನ್ನೆ, ಅಳದೆ. ಅತ್ತಿದ್ದರೆ ತಾಯಿ ಇಷ್ಟು ಹೆದರುತ್ತಿರಲಿಲ್ಲ.

ಮಗಳು ಮುಂದೆ ಬಂದಳು. ತುಟಿ ಬಿಳಿಚಿತ್ತು. ಆದರೂ ಈ ಸಲ ಕಾಲು ನೆಲ ಬಿಟ್ಟಿತು. ತಾಯಿಯ ಕೈ ತಾನಾಗಿ ಹಗುರವಾಯಿತು. ಒಂದು ಚೂರು ನಿಧಾನ, ಅಷ್ಟೇ. ಬರಬೇಕಾದ ಹೊತ್ತಿಗೆ ಬಾರದ ಹಗ್ಗ ಜೋತುಬಿದ್ದು, ಹಾರಿ ಇಳಿಯುತ್ತಿದ್ದ ಮಗುವಿನ ಕಣಕಾಲಿಗೆ ಸುತ್ತಿಕೊಂಡಿತು. ಹುಡುಗಿ ಮಂಡಿಯೂರಿ ಬಿದ್ದಳು.

"ಅಯ್ಯೋ, ಮತ್ತೆ ಗೂಟ!"

"ನಿಂತಿದ್ದು ಸಾಲ್ದು ಅಂತ ಈ ಸಲ ಮುರ್ಕೊಂಡೂ ಬಿತ್ತು ನೋಡ್ರೋ!" ಸಾಲಿನ ಹಿಂದಿನಿಂದ ಒಬ್ಬ ನಕ್ಕ.

ಲಾಂಡ್ರಿಯಲ್ಲಿ ಇಬ್ಬರು ಎರಡು ತುದಿ ಹಿಡಿದು ಒದ್ದೆ ಹೊದಿಕೆ ಕೊಡವುವಾಗ ಒಬ್ಬರ ಕೈ ಸಡಿಲಾದರೆ ಇನ್ನೊಬ್ಬರು ಕಣ್ಣಿಂದ ನೋಡಬೇಕಾಗಿಲ್ಲ, ಕೈಗೇ ತಿಳಿಯುತ್ತದೆ. ಆಚೆ ತುದಿಯ ಸಿಸ್ಟರ್‌ಗೂ ಗೊತ್ತಾಗಿತ್ತು. ಅವರು ತಾಯಿಯನ್ನೇ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಮಗಳಿಗೂ ಗೊತ್ತಾಗಿತ್ತು. ಮಂಡಿಯ ಮಣ್ಣು ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ನಂದೇ ಕಾಲು ಜಾರ್ತು" ಅಂದಳು. ಎಂಟು ವರ್ಷದ ಕೂಸು ತಾಯಿಯ ಮಾನ ಕಾಯುತ್ತಿತ್ತು.

ತಾಯಿ ಸುಮ್ಮನಿದ್ದುಬಿಟ್ಟರೆ ಯಾರೂ ಕೇಳುವವರಿರಲಿಲ್ಲ.

"ಇಲ್ಲ ಮಕ್ಕಳೇ, ಅವಳು ಸರಿಯಾಗೇ ಹಾರಿದ್ಲು. ನಾನೇ ಹಗ್ಗ ನಿಧಾನ ಮಾಡ್ದೆ. ನನ್ನ ಮಗಳು ಅಂತ ಮಾಡ್ದೆ. ತಪ್ಪು ನಂದು."

ನಕ್ಕಿದ್ದ ಹುಡುಗನ ಬಾಯಿ ತೆರೆದದ್ದು ತೆರೆದೇ ಇತ್ತು. "ಆಂಟಿ, ದೊಡ್ಡೋರೂ ಔಟ್ ಆಗ್ತಾರಾ?"

"ಆಗ್ತೀವಿ ಕಣಪ್ಪ. ನಮ್ಮನ್ನ ಯಾರೂ ಗೂಟ ಅನ್ನಲ್ಲ, ಅಷ್ಟೇ."

ಹುಡುಗ ತಲೆ ತಗ್ಗಿಸಿದ. ಸಿಸ್ಟರ್ ಗಡಿಯಾರ ನೋಡಿದರು. "ಎರಡು ನಿಮಿಷ ಇದೆ. ಒಂದೇ ಒಂದು ಸಲ. ಸಾಲಿಗೆ ಬನ್ನಿ, ಬೇಗ!"

ತಾಯಿ ಹಗ್ಗದ ತುದಿಯನ್ನು ಮುಂದೆ ಚಾಚಿದಳು. "ಬೇರೆ ಯಾರಾದ್ರೂ ಹಿಡೀಲಿ ಸಿಸ್ಟರ್. ನನ್ನ ಕೈನ ನನಗೇ ನಂಬಕ್ಕಾಗ್ತಿಲ್ಲ."

ಸಿಸ್ಟರ್ ಉತ್ತರ ಕೊಡುವ ಮೊದಲೇ ಸಾಲಿನ ನಡುವಿನಿಂದ ಮಗಳ ದನಿ ಬಂತು. "ನೀನೇ ಹಿಡಿ ಅಮ್ಮಾ. ನನ್ನ ಮುಖ ನೋಡ್ಬೇಡ, ಅಷ್ಟೇ. ಎಲ್ರಿಗೂ ತಿರುಗಿಸ್ದಂಗೆ ತಿರುಗ್ಸು."

ತಾಯಿ ಕಣ್ಣು ಮುಚ್ಚಿಕೊಂಡು ಹಗ್ಗ ಬೀಸಿದಳು. ಒಂದು, ಎರಡು, ಮೂರು. ಹತ್ತರ ಹೊತ್ತಿಗೆ ರಾತ್ರಿಯೆಲ್ಲ ದುಡಿದ ಭುಜ ಉರಿಯತೊಡಗಿತು. ಹದಿನೈದಕ್ಕೆ ಅಂಗೈ ಬೆವೆತು ಗಂಟು ಜಾರುತ್ತಿತ್ತು, ಬಿಗಿಯಾಗಿ ಹಿಡಿದಳು. ಹತ್ತೊಂಬತ್ತು. ಇಪ್ಪತ್ತು.

ಆಮೇಲೆ ಎಣಿಸುವ ದನಿಗಳೇ ನಿಂತವು. ಕೈ ಮತ್ತೆ ಹಗುರಾಗಲು ಹವಣಿಸಿತು. ಅವಳು ಹಲ್ಲು ಕಚ್ಚಿ, ಕಲ್ಲು ಮನಸ್ಸು ಮಾಡಿ, ಅದೇ ಬಿರುಸಿನಲ್ಲಿ ಬೀಸಿದಳು. ಹಗ್ಗ ಫಟ್ಟೆಂದು ನೆಲಕ್ಕೆ ಬಡಿಯಿತು. ಅದರ ಬೆನ್ನಿಗೇ ಎರಡು ಪುಟ್ಟ ಕಾಲು ಇಳಿದ ಸದ್ದು.

"ಇಪ್ಪತ್ತೊಂದು!" ಇಡೀ ಅಂಗಳ ಕೂಗಿತು. ನಕ್ಕಿದ್ದ ಹುಡುಗನ ಗಂಟಲೇ ಎಲ್ಲರಿಗಿಂತ ಮೇಲಿತ್ತು.

ಅಬ್ಬಾ, ಗೆದ್ದಳು! ತಾಯಿಯ ಮೈಯ ಬಿಗಿಯೆಲ್ಲ ಒಮ್ಮೆಗೇ ಇಳಿಯಿತು, ಮೊಣಕೈ ಕುಸಿಯತೊಡಗಿತು. ಆಗ ಪಕ್ಕದಲ್ಲೇ ಬಿಸಿ ಏದುಸಿರಿನ ಜೊತೆ ಮಗಳ ಮಾತು ಕೇಳಿಸಿತು:

"ಅಮ್ಮಾ, ಕಣ್ಣು ಬಿಡು. ಕೈ ನಿಲ್ಲಿಸ್ಬೇಡ! ಇನ್ನೂ ಒಂಬತ್ತು ಜನ ಇದ್ದಾರೆ."