ಕಾರ್ಡು ಕೊಡದೆ ಸಹಾಯವಿಲ್ಲ

ಬೀರುವಿನ ಡ್ರಾಯರ್ ಕಟಕ್ಕೆಂದು ಲಾಕ್ ಆದಾಗ, ಶಾಲೆಯ ವಿಶೇಷ ಮಕ್ಕಳ ವಿಭಾಗದ ಮುಖ್ಯಸ್ಥೆಯ ಜಡೆಯ ತುದಿಯೂ ಒಳಗೇ ಸಿಕ್ಕಿಕೊಂಡಿತು. ಬೀಗದ ಕೈ ಎರಡು ಮಾರು ದೂರದ ಮೇಜಿನ ಮೇಲಿತ್ತು. ಮೇಡಂ ಬಗ್ಗಿಕೊಂಡೇ ಕಣ್ಣು ಹೊರಳಿಸಿದರೆ, ಕೋಣೆಯಲ್ಲಿದ್ದವಳು ಮಾತಾಡದ ಆರು ವರ್ಷದ ಹುಡುಗಿ ಒಬ್ಬಳೇ. ‘ಎಂಟು ತಿಂಗಳಾದರೂ ಸಹಾಯದ ಕಾರ್ಡು ಬಳಸುತ್ತಿಲ್ಲ’ ಎಂಬ ಅವಳ ವರದಿಯನ್ನು ಈಗಷ್ಟೇ ಅದೇ ಡ್ರಾಯರಿಗೆ ಸೇರಿಸಿದ್ದರು.

ನಿಯಮ ಮೇಡಂ ಅವರೇ ಮಾಡಿದ್ದು. ಸಹಾಯ ಬೇಕಾದವರು ಗೋಡೆಯ ಮೇಲಿನ ಚಿತ್ರದ ಕಾರ್ಡು ತೆಗೆದು, ಸಹಾಯ ಮಾಡುವವರು ಚಾಚಿದ ಅಂಗೈ ಮೇಲೆ ಇಡಬೇಕು. ಆಮೇಲೆ ಕೆನ್ನೆ ತಟ್ಟಿ ಶಭಾಷ್‌ಗಿರಿ, ಸಹಾಯ ಅದರ ನಂತರ. ಯಾರಿಗೂ ರಿಯಾಯಿತಿ ಇಲ್ಲ.

ಹುಡುಗಿ ಎದ್ದಳು. ಬೀಗದ ಕೈ ಎತ್ತಿಕೊಂಡಳು, ಗೋಡೆಯಿಂದ ಕಾರ್ಡನ್ನೂ ಕಿತ್ತುಕೊಂಡಳು. ಕಾರ್ಡನ್ನು ಮೇಡಂ ಕೈಗೆ ತುರುಕಿ, ತನ್ನ ಪುಟ್ಟ ಅಂಗೈ ಚಾಚಿ ನಿಂತಳು.

“ಅಯ್ಯೋ ಮೇಡಂ, ತಡೀರಿ, ನಾನು ತೆಗೀತೀನಿ,” ಎನ್ನುತ್ತ ಆಯಾ ಬಾಗಿಲಿನಿಂದ ಓಡಿಬಂದರು.

“ಬರ್ಬೇಡಿ ಅಕ್ಕ, ಅಲ್ಲೇ ಇರಿ,” ಎಂದರು ಮೇಡಂ. ಕತ್ತು ನೋಯುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ. ಕಾರ್ಡನ್ನು ಆ ಅಂಗೈ ಮೇಲೆ ಇಟ್ಟರು.

ಬೀಗದ ಕೈ ಕೊಡುವ ಮೊದಲು ಹುಡುಗಿ ಮೇಡಂ ಕೆನ್ನೆಯನ್ನು ಎರಡು ಸಲ ತಟ್ಟಿದಳು.