ಎತ್ತಿ ಕೂರಿಸುವವನು

ವರ್ಗವಾಗಿ ಬಂದ ಹೊಸ ಶಾಲೆಯಲ್ಲಿ ವಾರಿಜಾ ಮೇಡಂ ಪಾಲಿಗೆ ಮೊದಲು ಬಂದದ್ದೇ ಆ ಪಾಠ. ಲಾರಿ ಗುದ್ದಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಲೇಖಕನೊಬ್ಬನ ಆತ್ಮಕಥೆಯ ಭಾಗ. ಪುಟದ ಮೇಲೆ, ಗಾಲಿಕುರ್ಚಿಯಲ್ಲಿ ಕೂತು ನಗುತ್ತಿರುವ ಅವನ ಚಿತ್ರ. ಮೇಡಂ ಹಾಜರಿ ಕೂಗುವವರ ಹಾಗೆ ಓದುತ್ತ ಹೋದರು.

“ದಿನಾ ಬೆಳಿಗ್ಗೆ ದೇವರೇ ಬಂದು ನನ್ನನ್ನು ಹಾಸಿಗೆಯಿಂದ ಎತ್ತಿ ಕೂರಿಸುತ್ತಾನೆ.”

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ನಿಜವಾಗ್ಲೂ ಎತ್ತೋರು ಯಾರು? ನಮ್ಮಜ್ಜನೂ ಹಾಸಿಗೆ ಹಿಡಿದಿದಾರೆ. ಅವರನ್ನ ಎತ್ತಿ ಎತ್ತಿ ನಮ್ಮಮ್ಮನ ಸೊಂಟಾನೇ ಹೋಗಿದೆ.”

ತರಗತಿ ನಕ್ಕಿತು. ಮೇಡಂ ನಗಲಿಲ್ಲ, ಗದರಲೂ ಇಲ್ಲ.

“ಪುಸ್ತಕದಲ್ಲಿ ಏನಿದೆ?”

“ದೇವರು ಅಂತಿದೆ.”

“ಪರೀಕ್ಷೇಲೂ ಅದನ್ನೇ ಬರಿ.”

“ಮನೆಯವರು ಅಂತ ಬರೆದ್ರೆ, ಮಿಸ್?”

“ಮಾರ್ಕ್ಸ್ ಕೊಡಲ್ಲ. ಕೂತ್ಕೋ.”

ಸಂಜೆ ಮನೆಗೆ ಬಂದ ಮೇಡಂ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಬೆನ್ನುನೋವಿಗೆ ಡಾಕ್ಟರು ಕೊಟ್ಟ ಬೆಲ್ಟನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡರು.

ಪಾಠದ ಪುಟದಲ್ಲಿ ನಗುತ್ತಿದ್ದವನು ಒಳಗಿನ ಮಂಚದಿಂದ ಕೂಗಿದ. “ಬಂದ್ಯಾ? ಪುಸ್ತಕ ಓದಿದೋರು ಯಾರೋ ನೋಡೋಕೆ ಬರ್ತಾರಂತೆ. ಬೇಗ ಎತ್ತಿ ಕೂರಿಸು.”