ಚಮಚ ನಿಂತರೆ ಐದು

ಪತ್ರಿಕೆಯಲ್ಲಿ ಆಲ್ಬಂಗಳಿಗೆ ನಕ್ಷತ್ರ ಕೊಡುವವಳು ನಾನೇ. ಬೆಳಗಿನಿಂದ ಸಂಜೆಯವರೆಗೆ ಹಾಲಿನ ಪಾತ್ರೆಯ ಮುಂದೆ ಹಾಡು ಹಾಕುತ್ತೇನೆ. ಒಳ್ಳೆಯ ಹಾಡಿಗೆ ಹಾಲು ತಾನಾಗಿ ಹೆಪ್ಪುಗಟ್ಟುತ್ತದೆ. ಮೊಸರಿನಲ್ಲಿ ಚಮಚ ನೆಟ್ಟಗೆ ನಿಂತರೆ ಐದು, ವಾಲಿದರೆ ಮೂರು, ಮುಳುಗಿದರೆ ಸೊನ್ನೆ.

ನಿನ್ನೆ ಗಾಯಕಿಯೊಬ್ಬಳ ಆಲ್ಬಂ ಹಾಕಿದ್ದಾಗ ಅವಳ ತಾಯಿ ಗುರವ್ವ ಬಂದು ಪಾತ್ರೆಯ ಪಕ್ಕದಲ್ಲೇ ಕೂತಳು. "ಮೂರಕ್ಕಿಂತ ಕಮ್ಮಿ ಬಂದ್ರ ಕಂಪನ್ಯಾವ್ರು ನನ್ನ ಮಗಳನ್ನ ಮತ್ತ ಹಾಡಸಂಗಿಲ್ರೀ ಅಕ್ಕಾರ."

ಸಂಜೆ ಚಮಚ ಕಂಬದಂತೆ ನಿಂತಿತು. ನಾನು ಬೆರಳದ್ದಿ ನೆಕ್ಕಿದೆ. ಹಾಡಿಗೆ ಹೆಪ್ಪುಗಟ್ಟಿದ ಮೊಸರು ಎಂದೂ ಹುಳಿಯಾಗಿರುವುದಿಲ್ಲ. ಇದು ಹಲ್ಲು ಜುಮ್ಮೆನಿಸಿತು.

"ಗುರವ್ವಾ, ನಾ ಊಟಕ್ಕ ಎದ್ದಾಗ ಮಜ್ಜಿಗಿ ಹಾಕಿದಿ, ಹೌದಿಲ್ಲ?"

"ಒಂದ ಹನಿ ರೀ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಪತ್ರಿಕೆಗೆ ಬರೆದು ಕಳಿಸಿದೆ: ಮಗಳ ಹಾಡಿಗೆ ಸೊನ್ನೆ, ತಾಯಿಯ ಮಜ್ಜಿಗೆಗೆ ಮೂರು. ಒಟ್ಟು ಮೂರು.